ಪೇಪರ್ ಹಾಕುವ ಮುನ್ನ ಒಂದಿಷ್ಟು ಲೆಕ್ಕ

ಅಪ್ರೈಸಲ್ ಮೀಟಿಂಗ್‌ಗೆ ನೀವು ಹೋಗಿ ಕೂರುವ ಹೊತ್ತಿಗೆ ನಿಮ್ಮ ಹೈಕ್ ಎಷ್ಟೆಂಬುದು ಬಹುಪಾಲು ತೀರ್ಮಾನವಾಗಿರುತ್ತದೆ. ಎದುರಿಗೆ ಕೂತ ಮ್ಯಾನೇಜರ್ ಅಂದು ತೀರ್ಪು ಓದುವ ಗುಮಾಸ್ತ ಅಷ್ಟೆ. ಇದು ಗೊತ್ತಿಲ್ಲದೆ ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಟೆಕ್ ಪಾರ್ಕ್‌ಗಳ ಹೊರಗಿನ ಟೀ ಅಂಗಡಿಗಳಲ್ಲಿ ಸಾವಿರಾರು ಜನ ಒಂದೇ ಮಾತನ್ನು ಆಡುತ್ತಾರೆ: "ಇಷ್ಟು ದುಡಿದಿದ್ದಕ್ಕೆ ಇಷ್ಟೇನಾ? ನಾಳೆನೇ ಪೇಪರ್ ಹಾಕ್ತೀನಿ." ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ಸಿಟ್ಟಿನಲ್ಲಿ ಹಾಕಿದ ಪೇಪರ್‌ಗೆ ದುಡ್ಡಿನ ರೂಪದಲ್ಲಿ ಬೆಲೆ ತೆರಬೇಕಾಗುತ್ತದೆ, ಅದು ಎಷ್ಟೆಂದು ಲೆಕ್ಕ ಹಾಕಿದವರು ಕಡಿಮೆ.

ಈ ಲೇಖನ ಕೆಲಸ ಬಿಡಬೇಡಿ ಎಂದು ಬುದ್ಧಿ ಹೇಳಲು ಬರೆದದ್ದಲ್ಲ. ಮೇಲೇರಬೇಕು, ಹೆಚ್ಚು ಗಳಿಸಬೇಕು ಎಂಬ ಆಸೆಯನ್ನು ನಾಚಿಕೆಯ ಸಂಗತಿಯಂತೆ ಕಾಣುವ ಹಳೆಯ ಅಭ್ಯಾಸ ನಮ್ಮಲ್ಲಿದೆ. "ಇರೋದರಲ್ಲಿ ತೃಪ್ತಿ ಪಡಪ್ಪ" ಎನ್ನುವ ಹಿರಿಯರ ಕಾಲದಲ್ಲಿ ಬ್ಯಾಂಕೋ ಸರ್ಕಾರಿ ಕಚೇರಿಯೋ ಸೇವಾ ಹಿರಿತನದ ಮೇಲೆ ತಾನಾಗಿಯೇ ಬಡ್ತಿ ಕೊಡುತ್ತಿತ್ತು, ಕೊನೆಗೆ ಪಿಂಚಣಿಯೂ ಇತ್ತು. ಖಾಸಗಿ ಕಂಪನಿಯಲ್ಲಿ ಅದ್ಯಾವುದೂ ಇಲ್ಲದ ಮೇಲೆ ತೃಪ್ತಿಯ ಉಪದೇಶ ಮಾತ್ರ ಯಾಕೆ ಉಳಿಯಬೇಕು? ಆಸೆ ಇರಲಿ. ಅದು ಬೇಸರದ ಕೈಗೆ ಸಿಕ್ಕಿ ಹಾಳಾಗದಿರಲಿ ಎಂಬುದಷ್ಟೇ ಇಲ್ಲಿನ ಕಾಳಜಿ.

ಹೈಕ್ ಎಲ್ಲಿ ನಿರ್ಧಾರವಾಗುತ್ತದೆ

ಹೆಚ್ಚಿನ ಕಂಪನಿಗಳ ವರ್ಷ ಏಪ್ರಿಲ್‌ನಿಂದ ಮಾರ್ಚ್. ಹೈಕ್‌ಗೆ ಒಟ್ಟು ಎಷ್ಟು ಹಣ ಎಂಬ ಬಜೆಟ್ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ರೂಪುಗೊಳ್ಳುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ನೀವು ಸೆಲ್ಫ್ ಅಪ್ರೈಸಲ್ ಫಾರ್ಮ್ ತುಂಬುತ್ತೀರಿ. ಅದಾದ ಮೇಲೆ ನಡೆಯುವ ಸಭೆ ನಿಮಗೆ ಕಾಣುವುದಿಲ್ಲ. ಅದನ್ನು ನಾರ್ಮಲೈಸೇಶನ್ ಎನ್ನುತ್ತಾರೆ. ಒಂದು ವಿಭಾಗದ ಮ್ಯಾನೇಜರ್‌ಗಳೆಲ್ಲ ಕೂತು, ಯಾರಿಗೆ ಮೊದಲ ರೇಟಿಂಗ್, ಯಾರನ್ನು ಕೆಳಗಿಳಿಸುವುದು ಎಂದು ಚೌಕಾಸಿ ಮಾಡುತ್ತಾರೆ. ನಿಮ್ಮ ಮ್ಯಾನೇಜರ್‌ಗೆ ಬಾಯಿ ಇದ್ದರೆ, ಅವರ ಕೈಯಲ್ಲಿ ನಿಮ್ಮ ಕೆಲಸದ ನಾಲ್ಕು ಗಟ್ಟಿ ಉದಾಹರಣೆಗಳಿದ್ದರೆ ನಿಮಗೆ ರೇಟಿಂಗ್ ಸಿಗುತ್ತದೆ. "ಒಳ್ಳೆ ಹುಡುಗ, ಚೆನ್ನಾಗಿ ಕೆಲಸ ಮಾಡ್ತಾನೆ" ಎಂದಷ್ಟೇ ಹೇಳಿದರೆ ಸಭೆಯಲ್ಲಿ ಅದು ನಿಲ್ಲುವುದಿಲ್ಲ.

ಈ ಪದ್ಧತಿಗೆ ಹೆಸರು ತಂದುಕೊಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜ್ಯಾಕ್ ವೆಲ್ಚ್. ಮೇಲಿನ 20 ಶೇಕಡ ಮಂದಿಗೆ ಬಹುಮಾನ, ನಡುವಿನ 70 ಶೇಕಡ ಹಾಗೇ ಇರಲಿ, ಕೆಳಗಿನ 10 ಶೇಕಡ ಮನೆಗೆ ಎಂಬುದು ಅವರ ಸೂತ್ರ. ಬೆಲ್ ಕರ್ವ್ ಎಂದು ನಮ್ಮ ಕಚೇರಿಗಳಲ್ಲಿ ಕರೆಯುವುದು ಇದರ ಬಳಗವನ್ನೇ. ಮೈಕ್ರೋಸಾಫ್ಟ್ 2013ರಲ್ಲಿ ಇದನ್ನು ಕೈಬಿಟ್ಟಿತು, ಆಮೇಲೆ ಇನ್ನೂ ಹಲವು ಕಂಪನಿಗಳು ಬಿಟ್ಟೆವೆಂದವು. ಹೆಸರು ಹೋದರೂ ಬಜೆಟ್‌ನ ಗೋಡೆ ಹೋಗಿಲ್ಲ. ಹತ್ತು ಜನರ ತಂಡದಲ್ಲಿ ಹತ್ತೂ ಜನ ಚೆನ್ನಾಗಿ ದುಡಿದರೂ ಎಲ್ಲರಿಗೂ ಮೊದಲ ರೇಟಿಂಗ್ ಸಿಗುವುದಿಲ್ಲ. ಹಾಗಾಗಿ ಕಡಿಮೆ ರೇಟಿಂಗ್ ಬಂದ ಕೂಡಲೇ ಅದನ್ನು ನಿಮ್ಮ ಯೋಗ್ಯತೆಯ ಮೇಲಿನ ಷರಾ ಎಂದು ಓದಬೇಡಿ.

ಬೇಸರ ಯಾವುದರ ಮೇಲೆ?

"ಸಾಕಾಗಿದೆ" ಎನ್ನುವ ಒಂದೇ ಮಾತಿನೊಳಗೆ ಬೇರೆ ಬೇರೆ ಕಾಯಿಲೆಗಳಿರುತ್ತವೆ, ಔಷಧಿಯೂ ಬೇರೆ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್‌ಗಳು, ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಒಂದು ಪುಸ್ತಕ ತಂದರು. ಸಂಬಳ, ಬಾಸ್, ಕಂಪನಿಯ ನಿಯಮಗಳು ಕೆಟ್ಟರೆ ಜನ ಅತೃಪ್ತರಾಗುತ್ತಾರೆ. ಆದರೆ ಅವು ಸರಿಯಾದ ಮಾತ್ರಕ್ಕೆ ಕೆಲಸದಲ್ಲಿ ಖುಷಿ ಹುಟ್ಟುವುದಿಲ್ಲ. ಖುಷಿ ಬರುವುದು ಮಾಡುವ ಕೆಲಸದಿಂದಲೇ, ಅದಕ್ಕೆ ಸಿಗುವ ಮನ್ನಣೆಯಿಂದ, ಬೆಳೆಯುತ್ತಿದ್ದೇವೆ ಎಂಬ ಅನುಭವದಿಂದ. ಈ ಸಿದ್ಧಾಂತಕ್ಕೆ ಟೀಕೆಗಳೂ ಬಂದಿವೆ. ಆದರೂ ಹೈಕ್ ಬಂದ ಮೂರನೇ ತಿಂಗಳಿಗೆ ಮತ್ತೆ ಅದೇ ಬೇಜಾರು ಶುರುವಾಗುವವರನ್ನು ಕಂಡಾಗೆಲ್ಲ ಹರ್ಜ್‌ಬರ್ಗ್ ನೆನಪಾಗುತ್ತಾರೆ.

ಸಂಬಳವೇ ತೊಂದರೆಯಾದರೆ ಔಷಧಿ ಸುಲಭ. ನಿಮ್ಮಷ್ಟೇ ಅನುಭವ ಇರುವವರಿಗೆ ಮಾರುಕಟ್ಟೆಯಲ್ಲಿ ಎಷ್ಟು ಸಿಗುತ್ತಿದೆ ನೋಡಿ, ಎರಡು ಸಂದರ್ಶನ ಕೊಟ್ಟು ಬನ್ನಿ. ಬಾಸ್ ತೊಂದರೆಯಾದರೆ ಕಂಪನಿಯನ್ನೇ ಬಿಡುವ ಮೊದಲು ಐಜೆಪಿ, ಅಂದರೆ ಕಂಪನಿಯೊಳಗಿನ ಖಾಲಿ ಹುದ್ದೆಗಳ ಪಟ್ಟಿ ತೆರೆದು ನೋಡಿ. ಒಂದೇ ಕಂಪನಿಯೊಳಗೆ ತಂಡ ಬದಲಿಸಿದರೆ ಸೇವಾವಧಿ ಮುರಿಯುವುದಿಲ್ಲ, ಗ್ರ್ಯಾಚುಯಿಟಿ ಉಳಿಯುತ್ತದೆ. ದೂರದ ಬೆಟ್ಟ ನುಣ್ಣಗೆ ಎನ್ನುವಂತೆ ಹೊಸ ಕಂಪನಿಯ ಬಾಸ್ ಸಂದರ್ಶನದಲ್ಲಿ ಒಳ್ಳೆಯವರಾಗಿಯೇ ಕಾಣುತ್ತಾರೆ. ಅದರಲ್ಲಿ ಎಷ್ಟು ನಿಜ ಎಂಬುದನ್ನು ಅಲ್ಲಿಂದ ಬಿಟ್ಟುಬಂದವರನ್ನು ಕೇಳಿ ತಿಳಿಯಬೇಕು.

ಕೆಲಸವೇ ಬೇಸರ ತಂದಿದ್ದರೆ ವಿಷಯ ಬೇರೆ. ಐದು ವರ್ಷದಿಂದ ಒಂದೇ ಸಪೋರ್ಟ್ ಪ್ರಾಜೆಕ್ಟ್‌ನಲ್ಲಿ ಟಿಕೆಟ್ ಮುಚ್ಚುತ್ತ ಕೂತವರಿಗೆ ಐದು ವರ್ಷದ ಅನುಭವ ಇರುವುದಿಲ್ಲ, ಒಂದು ವರ್ಷದ ಅನುಭವ ಐದು ಸಲ ಇರುತ್ತದೆ. ಮಾರುಕಟ್ಟೆ ಇದನ್ನು ಸಂದರ್ಶನದ ಮೊದಲ ಹತ್ತು ನಿಮಿಷದಲ್ಲೇ ಪತ್ತೆಹಚ್ಚುತ್ತದೆ. ಇಂಥವರು ಹೆಚ್ಚು ಸಂಬಳದ ಬೆನ್ನು ಬೀಳುವ ಬದಲು ಅಷ್ಟೇ ಸಂಬಳಕ್ಕೆ ಬೇರೆ ಬಗೆಯ ಕೆಲಸ ಸಿಕ್ಕರೂ ಹೋಗುವುದು ವಾಸಿ ಎಂದು ನನ್ನ ಅಭಿಪ್ರಾಯ.

ಇನ್ನು ಏಣಿಯ ಬೇಸರ. ಜೊತೆಗೆ ಸೇರಿದವರು ಮ್ಯಾನೇಜರ್ ಆದರು, ನಾನಿನ್ನೂ ಸೀನಿಯರ್ ಎಂಜಿನಿಯರ್. ಮದುವೆ ಮನೆಗಳಲ್ಲಿ "ಕೈಕೆಳಗೆ ಎಷ್ಟು ಜನ ಇದ್ದಾರೆ?" ಎಂದು ಕೇಳುವ ಮಾವಂದಿರು ಈ ಬೇಸರಕ್ಕೆ ತುಪ್ಪ ಸುರಿಯುತ್ತಾರೆ. ಲಾರೆನ್ಸ್ ಪೀಟರ್ ಎಂಬವರು 1969ರಲ್ಲಿ ಅರ್ಧ ತಮಾಷೆಯಾಗಿ ಹೇಳಿದ ಮಾತೊಂದಿದೆ: ಮಾಡುವ ಕೆಲಸದಲ್ಲಿ ಗಟ್ಟಿಗರಾದವರಿಗೆ ಬಡ್ತಿ ಸಿಗುತ್ತ ಹೋಗುತ್ತದೆ, ಕೊನೆಗೆ ತಮಗೆ ಬಾರದ ಕೆಲಸಕ್ಕೆ ಬಂದು ಅಲ್ಲೇ ನಿಲ್ಲುತ್ತಾರೆ. ಚೆನ್ನಾಗಿ ಕೋಡ್ ಬರೆಯುತ್ತಿದ್ದವರನ್ನು ಎಕ್ಸೆಲ್ ಶೀಟ್ ಮತ್ತು ರಜೆ ಮಂಜೂರಾತಿಗೆ ಕೂರಿಸಿದರೆ ಆಗುವುದು ಇದೇ. ಮ್ಯಾನೇಜರ್ ಆಗದೆಯೂ ಮೇಲೇರುವ ತಾಂತ್ರಿಕ ಗ್ರೇಡ್‌ಗಳು ನಿಮ್ಮಲ್ಲಿ ಇವೆಯೇ, ಅಲ್ಲಿರುವವರ ಸಂಬಳ ಮ್ಯಾನೇಜರ್‌ಗಳಿಗೆ ಸರಿಸಮ ಇದೆಯೇ ಎಂದು ಎಚ್‌ಆರ್‌ಗೆ ನೇರವಾಗಿ ಕೇಳಬಹುದು.

ಇದ್ಯಾವುದೂ ಅಲ್ಲದ, ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲೂ ಕೈ ಏಳದ ಸ್ಥಿತಿ ಇನ್ನೊಂದು. ಮೈಮನಸ್ಸಿನ ಬಳಲಿಕೆ, ಕೆಲಸದ ಬಗ್ಗೆ ತಾತ್ಸಾರ, ಕೈಯಲ್ಲಿ ಏನೂ ಆಗುತ್ತಿಲ್ಲ ಎಂಬ ಭಾವನೆ, ಈ ಮೂರೂ ಒಟ್ಟಿಗೆ ಸೇರಿದರೆ ಅದು ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎಂದಲ್ಲ, ದುಡಿಮೆಯ ಜಾಗದಿಂದ ಹುಟ್ಟುವ ಸಮಸ್ಯೆ ಎಂದು ಗುರುತಿಸಿತು. ವಾರಕ್ಕೆ 70 ಗಂಟೆ ದುಡಿಯಿರಿ ಎಂದು ಇನ್ಫೋಸಿಸ್‌ನ ನಾರಾಯಣ ಮೂರ್ತಿ 2023ರಲ್ಲಿ ಹೇಳಿದಾಗ ಎಷ್ಟು ಚರ್ಚೆಯಾಯಿತು ನೋಡಿ. ಬೆಂಗಳೂರಿನ ರಸ್ತೆಯಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುವವರಲ್ಲಿ, ಅದನ್ನೂ ಸೇರಿಸಿ ಎಣಿಸಿದರೆ, ಹಲವರು ಆ ಲೆಕ್ಕದ ಹತ್ತಿರ ಈಗಾಗಲೇ ಇದ್ದಾರೆ. ಈ ಸ್ಥಿತಿಯಲ್ಲಿರುವಾಗ ಕೆಲಸ ಬಿಡುವ, ಹಿಡಿಯುವ ತೀರ್ಮಾನ ಬೇಡ. ಮೊದಲು ರಜೆ ಹಾಕಿ, ವೈದ್ಯರನ್ನು ಕಾಣಿ. ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೇಳುವ ಕಾಲ, ಕೇಳುವ ಬಗೆ

ಏಪ್ರಿಲ್‌ನಲ್ಲಿ ಜಗಳವಾಡುವ ಬದಲು ಅದರ ಹಿಂದಿನ ಅಕ್ಟೋಬರ್, ನವೆಂಬರ್‌ನಲ್ಲಿ ಕೇಳಬೇಕು. ಆಗ ಬಜೆಟ್ ಇನ್ನೂ ಹಸಿಯಾಗಿರುತ್ತದೆ, ನಿಮ್ಮ ಮ್ಯಾನೇಜರ್‌ಗೆ ನಿಮ್ಮ ಹೆಸರನ್ನು ತೇಲಿಬಿಡಲು ಸಮಯವೂ ಇರುತ್ತದೆ. ಕೇಳುವ ಬಗೆ ಬಹಳ ಜನಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ ಹೀಗಾಗುತ್ತದೆ:

"ಸರ್, ಈ ಸಲನಾದ್ರೂ ಪ್ರಮೋಷನ್ ಆಗುತ್ತಾ?"

"ನೋಡೋಣ, ನಿಮ್ಮ ಹೆಸರು ಮನಸ್ಸಲ್ಲಿದೆ. ಹೀಗೇ ಕೆಲಸ ಮಾಡ್ತಾ ಇರಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಉತ್ತರ ಬಂದದ್ದು ಪ್ರಶ್ನೆ ಹಾಗಿದ್ದಕ್ಕೆ. ಆಗುತ್ತಾ ಎಂದು ಕೇಳಿದರೆ ನೋಡೋಣ ಎನ್ನುವುದು ಸುಲಭ. ಬದಲಿಗೆ ಹೀಗೆ ಕೇಳಿ ನೋಡಿ:

"ಸರ್, ಹೋದ ಸಲ ಈ ಗ್ರೇಡ್‌ನಿಂದ ಮೇಲೆ ಹೋದವರು ಮಾಡಿದ್ದರಲ್ಲಿ ನಾನು ಮಾಡದೇ ಇರೋದು ಯಾವುದು?"

"ಅವರು ಕ್ಲೈಂಟ್ ಜೊತೆ ನೇರವಾಗಿ ಡೀಲ್ ಮಾಡ್ತಿದ್ರು. ನಿಮ್ಮದು ಇನ್ನೂ ಒಳಗಿನ ಕೆಲಸನೇ ಜಾಸ್ತಿ."

"ಹಾಗಾದ್ರೆ ಮಾರ್ಚ್ ಒಳಗೆ ಒಂದು ಕ್ಲೈಂಟ್ ಕಾಲ್ ನಾನೇ ನಡೆಸೋ ಹಾಗೆ ಕೊಡ್ತೀರಾ? ಅದು ಸರಿಹೋದ್ರೆ ನನ್ನ ಹೆಸರು ಪಟ್ಟಿಗೆ ಹಾಕೋಕೆ ಬೇರೆ ಏನಾದ್ರೂ ಅಡ್ಡಿ ಇದೆಯಾ?"

ಈಗ ಮ್ಯಾನೇಜರ್ ಒಂದೋ ಹೂಂ ಎನ್ನಬೇಕು, ಇಲ್ಲವೇ ನಿಜವಾದ ಅಡ್ಡಿ ಹೇಳಬೇಕು. ಎರಡರಲ್ಲಿ ಯಾವುದು ಬಂದರೂ ನಿಮಗೆ ಲಾಭ. ಅದೇ ದಿನ ಸಂಜೆ ನಾಲ್ಕು ಸಾಲಿನ ಮೇಲ್ ಹಾಕಿ: ಇವತ್ತು ಮಾತಾಡಿದ್ದು ಇದು, ನಾನು ಮಾಡಬೇಕಾದ್ದು ಇದು, ಜನವರಿಯಲ್ಲಿ ಮತ್ತೊಮ್ಮೆ ಕೂತು ನೋಡೋಣ. ಮೇಲ್‌ನಲ್ಲಿ ಆಪಾದನೆ, ಅಳಲು ಬೇಡ. ಮುಂದೆ ಮ್ಯಾನೇಜರ್ ಬದಲಾದರೂ ಈ ಮೇಲ್ ಉಳಿಯುತ್ತದೆ. ಅರ್ಧ ವರ್ಷಕ್ಕೊಬ್ಬ ಮ್ಯಾನೇಜರ್ ಬದಲಾಗುವ ಕಂಪನಿಗಳಲ್ಲಿ ಇದರ ಬೆಲೆ ಹೇಳತೀರದು.

ಇಲ್ಲಿ ಒಂದು ಮಾತನ್ನು ನಮ್ಮವರಿಗಾಗಿ ಹೇಳಬೇಕು. ಹಾಸನ, ರಾಯಚೂರು, ಗದಗ ಕಡೆಯ ಕಾಲೇಜುಗಳಲ್ಲಿ ಓದಿ, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಬೆಂಗಳೂರಿಗೆ ಬಂದವರಲ್ಲಿ ಕೆಲಸದ ಗಟ್ಟಿತನಕ್ಕೆ ಕೊರತೆಯಿಲ್ಲ. ಆದರೆ ಮೀಟಿಂಗ್ ಇಂಗ್ಲಿಷ್‌ನಲ್ಲಿ, ಅದರ ನಂತರದ ಹರಟೆ ಹಿಂದಿಯಲ್ಲಿ ನಡೆಯುವಾಗ ಇವರು ಸುಮ್ಮನಾಗುತ್ತಾರೆ. ನಾರ್ಮಲೈಸೇಶನ್ ಸಭೆಯಲ್ಲಿ "ಆತ ಮಾತಾಡುವುದೇ ಇಲ್ಲ, ಲೀಡರ್‌ಶಿಪ್ ಕಾಣುವುದಿಲ್ಲ" ಎಂಬ ಒಂದು ಷರಾದೊಂದಿಗೆ ವರ್ಷದ ದುಡಿಮೆ ಮುಗಿದುಹೋಗುತ್ತದೆ. ಇದು ಅನ್ಯಾಯವೇ. ಅನ್ಯಾಯ ಸರಿಹೋಗುವವರೆಗೆ ಕಾಯುವ ಬದಲು ಬರವಣಿಗೆಯನ್ನು ಹಿಡಿಯಿರಿ. ಬಾಯಿಮಾತಿಗೆ ತಡವರಿಸುವವರು ಕೂಡ ಯೋಚಿಸಿ ಬರೆಯಬಲ್ಲರು. ಪ್ರತಿ ಶುಕ್ರವಾರ ಮಧ್ಯಾಹ್ನ ಮ್ಯಾನೇಜರ್‌ಗೆ ಐದು ಸಾಲು: ಈ ವಾರ ಯಾವುದು ಮುಗಿಯಿತು, ಯಾರಿಗೆ ಉಪಯೋಗವಾಯಿತು, ಎಷ್ಟು ಸಮಯ ಅಥವಾ ಹಣ ಉಳಿಯಿತು. ವರ್ಷದ ಕೊನೆಗೆ ಅಪ್ರೈಸಲ್ ಫಾರ್ಮ್ ತುಂಬಲು ನೆನಪನ್ನು ಕೆದಕಬೇಕಿಲ್ಲ, ಮ್ಯಾನೇಜರ್‌ಗೂ ಸಭೆಯಲ್ಲಿ ಹೇಳಲು ಸರಕು ಸಿಗುತ್ತದೆ. ಇದನ್ನು ಜಂಬ ಎಂದುಕೊಂಡು ಸಂಕೋಚ ಪಡುವವರೇ ಹೆಚ್ಚು. ಲೆಕ್ಕಪತ್ರ ಒಪ್ಪಿಸುವುದು ಜಂಬ ಹೇಗಾದೀತು?

30 ಶೇಕಡ ಎಂಬ ಮಾಯೆ

ಕೇಳಿದ್ದಾಯಿತು, ಕಾದದ್ದಾಯಿತು, ಸಿಗಲಿಲ್ಲ. ಹೊರಗೆ 30 ಶೇಕಡ ಹೈಕ್ ಕೊಡುವ ಆಫರ್ ಬಂದಿದೆ ಎನ್ನಿ. ಆ ಕಾಗದವನ್ನು ಮೇಜಿನ ಮೇಲೆ ಹರಡಿ ಲೆಕ್ಕ ಹಾಕೋಣ.

ಈಗಿನ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 12 ಲಕ್ಷ. ಬೇಸಿಕ್ ಅದರ ಅರ್ಧ, ತಿಂಗಳಿಗೆ 50,000. ವೇರಿಯಬಲ್ 10 ಶೇಕಡ, ಅಂದರೆ ವರ್ಷಕ್ಕೆ 1.2 ಲಕ್ಷ. ತಿಂಗಳ ಒಂದು ಲಕ್ಷದಲ್ಲಿ ವೇರಿಯಬಲ್‌ನ 10,000 ಕಳೆಯಿರಿ, ಕಂಪನಿಯ ಪಾಲಿನ ಪಿಎಫ್ 6,000 ಕಳೆಯಿರಿ, ಗ್ರ್ಯಾಚುಯಿಟಿಗೆಂದು ಬೇಸಿಕ್‌ನ 4.81 ಶೇಕಡ, 2,405 ಕಳೆಯಿರಿ. ಉಳಿದದ್ದು 81,595. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 6,000 ಮತ್ತು ವೃತ್ತಿ ತೆರಿಗೆ 200 ಹೋದರೆ ಕೈಗೆ 75,395.

ಹೊಸ ಆಫರ್ 15.6 ಲಕ್ಷ, ಆದರೆ ವೇರಿಯಬಲ್ 20 ಶೇಕಡ. ತಿಂಗಳ 1,30,000ದಲ್ಲಿ ವೇರಿಯಬಲ್ 26,000 ಹೋಯಿತು. ಬೇಸಿಕ್ 65,000 ಆದ್ದರಿಂದ ಎರಡೂ ಕಡೆಯ ಪಿಎಫ್ 15,600, ಗ್ರ್ಯಾಚುಯಿಟಿ ಸುಮಾರು 3,126, ವೃತ್ತಿ ತೆರಿಗೆ 200. ಕೈಗೆ ಬರುವುದು ಸುಮಾರು 85,070. ಕಾಗದದಲ್ಲಿ ತಿಂಗಳಿಗೆ 30,000 ಏರಿದರೂ ಕೈಯಲ್ಲಿ ಹತ್ತು ಸಾವಿರವೂ ಏರಲಿಲ್ಲ. ಮೇಲಿಂದ ತೆರಿಗೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಇಲ್ಲ. ಹಳೆಯ ಸಂಬಳ ಅದರೊಳಗೆ ಇತ್ತು. ಹೊಸದರಲ್ಲಿ ವೇರಿಯಬಲ್ ಪೂರ್ತಿ ಸಿಕ್ಕಿದರೆ ಆ ಗೆರೆ ದಾಟಿ ವರ್ಷಕ್ಕೆ ಸುಮಾರು 86,000 ತೆರಿಗೆ ಬೀಳುತ್ತದೆ. ಪಿಎಫ್ ನಿಮ್ಮದೇ ಹಣ, ನಷ್ಟವಲ್ಲ, ನಿಜ. ವೇರಿಯಬಲ್ ಮಾತ್ರ ಕಂಪನಿಯ ಲಾಭ, ಬಾಸ್‌ನ ರೇಟಿಂಗ್ ಎರಡನ್ನೂ ನೆಚ್ಚಿಕೊಂಡ ಹಣ. ಹಾಗಾಗಿ ಎಚ್‌ಆರ್ ಫೋನ್ ಮಾಡಿದಾಗ ಸಿಟಿಸಿ ಮಾತಾಡದೆ ಫಿಕ್ಸೆಡ್ ಎಷ್ಟು ಎಂದು ಕೇಳಿ. ಕಳೆದ ಎರಡು ವರ್ಷ ವೇರಿಯಬಲ್ ಎಷ್ಟು ಶೇಕಡ ಕೊಟ್ಟಿರಿ ಎಂದೂ ಕೇಳಿ. ತಡವರಿಸಿದರೆ ಉತ್ತರ ಸಿಕ್ಕ ಹಾಗೆಯೇ.

ವಾರಕ್ಕೆ ಎಷ್ಟು ದಿನ ಆಫೀಸು, ತಂದೆ ತಾಯಿಗೆ ಆರೋಗ್ಯ ವಿಮೆ ಇದೆಯೇ ಎಂಬುದೂ ದುಡ್ಡೇ. ರಾಜಾಜಿನಗರದಲ್ಲಿ ಮನೆ ಇದ್ದವರು ವೈಟ್‌ಫೀಲ್ಡ್‌ಗೆ ಮೆಟ್ರೋ ಬದಲಿಸಿ ಹೋಗಬಹುದು. ಹೊರ ವರ್ತುಲ ರಸ್ತೆಯ ಕಚೇರಿಯಾದರೆ ಮನೆಯನ್ನೇ ಬದಲಿಸಬೇಕಾದೀತು, ಜೊತೆಗೆ ಹೊಸ ಮನೆಯ ಅಡ್ವಾನ್ಸ್.

ಐದು ವರ್ಷದ ಗೆರೆ

ಗ್ರ್ಯಾಚುಯಿಟಿ ಸಿಗಲು ಒಂದೇ ಕಂಪನಿಯಲ್ಲಿ ಐದು ವರ್ಷ ಪೂರೈಸಬೇಕು. ಲೆಕ್ಕ ಹೀಗೆ: ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಬೇಸಿಕ್ 50,000 ಇದ್ದು ಐದು ವರ್ಷ ಆದರೆ ಸುಮಾರು 1.44 ಲಕ್ಷ. ನಾಲ್ಕು ವರ್ಷ ನಾಲ್ಕು ತಿಂಗಳಿಗೆ ಸಿಟ್ಟು ಬಂದು ಬಿಟ್ಟರೆ ಸೊನ್ನೆ. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕೆಂದು ಮದ್ರಾಸ್ ಹೈಕೋರ್ಟ್ ತೀರ್ಪು ನೀಡಿದೆ, ಆದರೆ ಎಲ್ಲ ಕಂಪನಿಗಳೂ ಅದನ್ನು ತಾವಾಗಿ ಪಾಲಿಸುವುದಿಲ್ಲ. ಬಿಡುವ ಮುನ್ನ ಎಚ್‌ಆರ್‌ನಿಂದ ಬರವಣಿಗೆಯಲ್ಲಿ ತಿಳಿದುಕೊಳ್ಳಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನಿಗದಿತ ಅವಧಿಯ ಒಪ್ಪಂದದ ಮೇಲೆ ನೇಮಕವಾದವರಿಗೆ ಒಂದೇ ವರ್ಷದ ಸೇವೆಗೂ ಗ್ರ್ಯಾಚುಯಿಟಿ ಉಂಟು.

ಪಿಎಫ್ ಹಣವನ್ನು ಕೆಲಸ ಬದಲಿಸಿದಾಗಲೆಲ್ಲ ತೆಗೆಯುವ ಚಟ ಕೆಲವರಿಗಿದೆ. ಒಟ್ಟು ಸೇವೆ ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಎಣಿಕೆಯೂ ಹಾಳಾಗುತ್ತದೆ. ಅದೇ ಯುಎಎನ್‌ಗೆ, ಅಂದರೆ ನಿಮ್ಮ ಪಿಎಫ್‌ನ ಖಾಯಂ ಸಂಖ್ಯೆಗೆ, ವರ್ಗಾಯಿಸಿದರೆ ಹಳೆಯ ಸೇವೆಯೂ ಸೇರಿಕೊಳ್ಳುತ್ತದೆ. ಯುಎಎನ್ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಡುತ್ತದೆ. ಒಂದೇ ತಿಂಗಳಿಗೆ ಎರಡು ಕಂಪನಿಯಿಂದ ಪಿಎಫ್ ಬಿದ್ದರೆ ಮೂನ್‌ಲೈಟಿಂಗ್, ಅಂದರೆ ಗುಟ್ಟಾಗಿ ಇನ್ನೊಂದು ಕಡೆಯೂ ದುಡಿಯುವುದು, ಅಲ್ಲೇ ಬಯಲು. 2022ರಲ್ಲಿ ವಿಪ್ರೊ 300 ಮಂದಿಯನ್ನು ಈ ಕಾರಣಕ್ಕೆ ತೆಗೆದುಹಾಕಿದ್ದು ನೆನಪಿರಬಹುದು.

ಬಾಂಡ್, ನೋಟಿಸ್, ರಿಲೀವಿಂಗ್ ಲೆಟರ್

"ಬಾಂಡ್‌ಗೆಲ್ಲ ಕೋರ್ಟ್‌ನಲ್ಲಿ ಬೆಲೆ ಇಲ್ಲ ಕಣೋ" ಎಂಬ ಗೆಳೆಯರ ಸಲಹೆಯನ್ನು ಇನ್ನು ಮುಂದೆ ಕಣ್ಣುಮುಚ್ಚಿ ನಂಬಬೇಡಿ. ನಮ್ಮ ನೆಲದಲ್ಲೇ ಹುಟ್ಟಿ, ಆಮೇಲೆ ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋದ ವಿಜಯಾ ಬ್ಯಾಂಕ್‌ನ ಪ್ರಕರಣ ಇದಕ್ಕೆ ಸಾಕ್ಷಿ. ಮೂರು ವರ್ಷ ಮುಗಿಯುವ ಮೊದಲು ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಷರತ್ತಿನ ಮೇಲೆ ಸೇರಿದ್ದ ಅಧಿಕಾರಿಯೊಬ್ಬರು 2009ರಲ್ಲಿ ರಾಜೀನಾಮೆ ಕೊಟ್ಟು ಬೇರೆ ಬ್ಯಾಂಕ್‌ಗೆ ಹೋದರು, ಹಣ ಕಟ್ಟಿ ಆಮೇಲೆ ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು. ಆದರೆ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತು ಸರಿಯೆಂದಿತು. ಕೆಲಸದಲ್ಲಿ ಇರುವ ಅವಧಿಗೆ ಸಂಬಂಧಿಸಿದ ಷರತ್ತು ಬೇರೆ, ಬಿಟ್ಟ ಮೇಲೆ ಬೇರೆಡೆ ದುಡಿಯಕೂಡದು ಎನ್ನುವ ಷರತ್ತು ಬೇರೆ. ಎರಡನೆಯದಕ್ಕೆ 1872ರ ಕರಾರು ಕಾಯಿದೆಯ 27ನೇ ಕಲಂ ಅಡ್ಡ ಬರುತ್ತದೆ, ಅದನ್ನು ಜಾರಿ ಮಾಡಿಸುವುದು ಕಂಪನಿಗೆ ಕಷ್ಟ. ಹೀಗಾಗಿ ಸಹಿ ಹಾಕುವ ಮೊದಲೇ ನೋಡಬೇಕಾದ್ದು ಬಾಂಡ್‌ನ ಮೊತ್ತ, ಅವಧಿ, ಅದಕ್ಕೆ ಪ್ರತಿಯಾಗಿ ಕಂಪನಿ ಕೊಡುವ ತರಬೇತಿ ನಿಜವಾಗಿ ಇದೆಯೇ ಎಂಬುದು.

ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ ಬಹುಪಾಲು 90 ದಿನ. ಹೊಸ ಕಂಪನಿ ಬೈಔಟ್, ಅಂದರೆ ನೋಟಿಸ್ ದಿನಗಳ ಬದಲಿಗೆ ಕಟ್ಟುವ ಹಣ, ಕೊಡುತ್ತದೆ ಎಂದರೆ ಮೊತ್ತ ಬೇಸಿಕ್ ಮೇಲೋ ಒಟ್ಟು ಸಂಬಳದ ಮೇಲೋ ಎಂದು ಹಳೆಯ ನೇಮಕಾತಿ ಪತ್ರ ತೆರೆದು ನೋಡಿ. ಬೈಔಟ್‌ಗೆ ಒಪ್ಪಬೇಕೋ ಬೇಡವೋ ಎಂಬುದನ್ನು ಹಲವು ಪತ್ರಗಳಲ್ಲಿ ಕಂಪನಿಯ ಇಷ್ಟಕ್ಕೆ ಬಿಟ್ಟಿರುತ್ತದೆ. ಹೇಳದೆ ಕೇಳದೆ ಕೆಲಸ ಬಿಟ್ಟು ಹೋದರೆ ರಿಲೀವಿಂಗ್ ಲೆಟರ್ ಸಿಗದು. ಹಿನ್ನೆಲೆ ಪರಿಶೀಲನೆಯಲ್ಲಿ ಹೊಸ ಕೆಲಸವೂ ಕೈತಪ್ಪಬಹುದು. ಹೊಸ ಆಫರ್ ಮೇಲ್‌ನಲ್ಲಿ, ಸಹಿ ಸಹಿತ ಬರುವವರೆಗೆ ರಾಜೀನಾಮೆ ಕಳಿಸಬೇಡಿ. ಫೋನ್‌ನಲ್ಲಿ "ಕನ್ಫರ್ಮ್" ಎಂದದ್ದು ಕನ್ಫರ್ಮ್ ಅಲ್ಲ.

ಪೇಪರ್ ಹಾಕಿದ ಮೇಲೆ ಇದ್ದಕ್ಕಿದ್ದಂತೆ ಕೌಂಟರ್ ಆಫರ್ ಬರುವುದುಂಟು. ಆರು ತಿಂಗಳ ಹಿಂದೆ ಬಜೆಟ್ ಇಲ್ಲ ಎಂದವರಿಗೆ ಒಂದೇ ರಾತ್ರಿಯಲ್ಲಿ ಬಜೆಟ್ ಹೇಗೆ ಬಂತು ಎಂದು ಯೋಚಿಸಿ. ನಿಮ್ಮ ಬೇಸರ ಬರೀ ಸಂಬಳದ್ದಾಗಿದ್ದರೆ ಒಪ್ಪಬಹುದು. ಬಾಸ್‌ನದ್ದೋ ಕೆಲಸದ್ದೋ ಆಗಿದ್ದರೆ ಆ ಹಣ ಏನನ್ನೂ ಬದಲಿಸದು.

ಅವರೇ ಬಿಡು ಎಂದರೆ

ಮೀಟಿಂಗ್ ರೂಮಿಗೆ ಕರೆದು, ಎಚ್‌ಆರ್ ಮತ್ತು ಮ್ಯಾನೇಜರ್ ಎದುರು ಕೂತು, "ನೀವೇ ರಿಸೈನ್ ಮಾಡಿದರೆ ನಿಮ್ಮ ರೆಕಾರ್ಡ್‌ಗೆ ಒಳ್ಳೆಯದು, ಇವತ್ತೇ ಮಾಡಿ" ಎನ್ನುವ ಪ್ರಸಂಗ ಹೊಸತಲ್ಲ. ಅಲ್ಲೇ ಸಹಿ ಹಾಕಬೇಡಿ. ಯೋಚಿಸಲು ಸಮಯ ಬೇಕೆಂದು ಹೇಳಿ ಎದ್ದು ಬನ್ನಿ, ನಡೆದದ್ದನ್ನು ಮೇಲ್ ಮಾಡಿ ಕಾರಣ ಬರವಣಿಗೆಯಲ್ಲಿ ಕೇಳಿ. ರಾಜೀನಾಮೆ ಎಂದಾದ ಮೇಲೆ ನೀವೇ ಇಷ್ಟಪಟ್ಟು ಬಿಟ್ಟಿರಿ ಎಂದೇ ದಾಖಲೆ. ತೆಗೆದುಹಾಕಿದ್ದಾದರೆ ನೋಟಿಸ್ ಸಂಬಳ, ಪರಿಹಾರದ ಪ್ರಶ್ನೆ ಬರುತ್ತದೆ. ಪಿಐಪಿ, ಅಂದರೆ ಕೆಲಸ ಸುಧಾರಿಸಲು ಗಡುವು ಕೊಡುವ ಯೋಜನೆ, ಹಾಕಿದರೆ ಗುರಿಗಳನ್ನು ಅಂಕಿಯಲ್ಲಿ ಬರೆಸಿಕೊಳ್ಳಿ, ವಾರವಾರ ಪ್ರಗತಿ ಕಳಿಸಿ, ಜೊತೆಗೆ ರೆಸ್ಯೂಮೆ ಸಿದ್ಧ ಮಾಡಿ. ಪಿಐಪಿಯಿಂದ ಹೊರಬಂದವರಿದ್ದಾರೆ, ಆದರೆ ಅದನ್ನು ನೆಚ್ಚಿ ಕೂರುವ ಹಾಗಿಲ್ಲ.

ಕರ್ನಾಟಕದ ಐಟಿ ನೌಕರರಿಗೆ 2017ರಿಂದ ಕಿಟು ಎಂಬ ಸಂಘ ಇದೆ. 2024ರಲ್ಲಿ ದಿನಕ್ಕೆ 14 ಗಂಟೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಬಂದಾಗ ಬೀದಿಗಿಳಿದದ್ದು ಇದೇ ಸಂಘ. ಐಟಿಯವರಿಗೆ ಸಂಘ ಯಾಕೆ ಎಂದು ಮೂಗು ಮುರಿಯುವವರು ಕೆಲಸ ಹೋದ ದಿನ ಅದರ ನಂಬರ್ ಹುಡುಕುತ್ತಾರೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಮಿಕ ಇಲಾಖೆಗೂ ದೂರು ಕೊಡಬಹುದು. ಮ್ಯಾನೇಜರ್ ದರ್ಜೆಯವರಿಗೆ ಕಾನೂನು ಕಾರ್ಮಿಕರಷ್ಟು ರಕ್ಷಣೆ ಕೊಡುವುದಿಲ್ಲ, ಅವರು ವಕೀಲರನ್ನು ಕಾಣುವುದೇ ಸರಿ. ಲೈಂಗಿಕ ಕಿರುಕುಳವಾದರೆ ಅದು ಬಡ್ತಿ, ಬೇಸರದ ಸಾಲಿಗೆ ಸೇರುವ ವಿಷಯವೇ ಅಲ್ಲ. 2013ರ ಕಾಯಿದೆಯಡಿ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು.

ಕೊನೆಯ ದಿನ

ಸಂಜೆ ಲ್ಯಾಪ್‌ಟಾಪ್ ಒಪ್ಪಿಸುವ ಹೊತ್ತಿಗೆ ನಿಮ್ಮ ಕಚೇರಿ ಮೇಲ್ ಸತ್ತಿರುತ್ತದೆ. ಅದಕ್ಕೂ ಮುಂಚೆ ಎಲ್ಲ ತಿಂಗಳ ಪೇಸ್ಲಿಪ್, ಅಪ್ರೈಸಲ್ ಪತ್ರ, ಫಾರ್ಮ್ 16 ನಿಮ್ಮ ಸ್ವಂತ ಮೇಲ್‌ಗೆ ಬರಲಿ. ಕಂಪನಿಯ ಕೋಡ್, ಕ್ಲೈಂಟ್ ಕಡತ ಮಾತ್ರ ಮುಟ್ಟಬೇಡಿ. ಹೊಸ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಎಫ್ ಅಂಡ್ ಎಫ್‌ಗೆ, ಅಂದರೆ ಕೊನೆಯ ಲೆಕ್ಕ ಚುಕ್ತಾ ಮಾಡಲು, 45 ದಿನ ಎನ್ನುವ ಹಳೆಯ ರೂಢಿಯಲ್ಲೇ ಇರುವ ಕಂಪನಿಗೆ ಈ ನಿಯಮವನ್ನು ಮೇಲ್‌ನಲ್ಲಿ ನೆನಪಿಸಿ. ಹೊಸ ಕಂಪನಿಗೆ ಈ ವರ್ಷದ ಹಳೆಯ ಸಂಬಳ ಮತ್ತು ಕಡಿತವಾದ ತೆರಿಗೆಯ ವಿವರ ಕೊಡಿ. ಕೊಡದಿದ್ದರೆ ಎರಡೂ ಕಡೆ ತೆರಿಗೆ ವಿನಾಯಿತಿ ಲೆಕ್ಕಕ್ಕೆ ಬಂದು, ರಿಟರ್ನ್ ಸಲ್ಲಿಸುವ ಜುಲೈನಲ್ಲಿ ದೊಡ್ಡ ಮೊತ್ತ ಒಮ್ಮೆಲೇ ಕಟ್ಟಬೇಕಾಗುತ್ತದೆ. ಗುಂಪು ವಿಮೆ ಸಾಮಾನ್ಯವಾಗಿ ಅದೇ ದಿನ ನಿಲ್ಲುವುದರಿಂದ ಎರಡು ಕೆಲಸದ ನಡುವೆ ಬಿಡುವಿದ್ದರೆ ಮನೆಯವರಿಗೆ ಸ್ವಂತ ಪಾಲಿಸಿ ಇರಲಿ. ತಿಂಗಳಾದ ಮೇಲೆ ಪಿಎಫ್ ಪೋರ್ಟಲ್ ತೆರೆದು, ಹಳೆಯ ಕಂಪನಿ ನೀವು ಬಿಟ್ಟ ದಿನಾಂಕವನ್ನು ಸರಿಯಾಗಿ ನಮೂದಿಸಿದೆಯೇ ನೋಡಿ. ಅದು ತಪ್ಪಿದ್ದರೆ ವರ್ಗಾವಣೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಆಗ ನೀವು ಬಿಟ್ಟುಬಂದ ಅದೇ ಎಚ್‌ಆರ್‌ಗೆ ಮತ್ತೆ ಫೋನ್ ಮಾಡಬೇಕಾಗುತ್ತದೆ.